ಕೊಸರಿಲ್ಲದ ತೋಟಾ

ಕೊಸರಿನ ಆಸೆ ನನಗೆ ಅಮ್ಮನಿಂದ ಬಂದದ್ದು. ಮೈಸೂರಿನ ಮಾರ್ಕೆಟ್ಟಿನಲ್ಲಿ ಅವಳ ಹಿಂದೆ ಚೀಲ ಹಿಡಿದು ಬೆಳೆದವನು ನಾನು. ತಕ್ಕಡಿ ಸಮನಾಗಿ ನಿಂತ ಮೇಲೂ ಅವಳು ಕದಲುತ್ತಿರಲಿಲ್ಲ. ಮೇಲೊಂದು ಹಿಡಿ ಹುರುಳಿಕಾಯಿಯೋ ನಾಲ್ಕು ಎಳೆ ಕೊತ್ತಂಬರಿಯೋ ಬಿದ್ದರಷ್ಟೇ ವ್ಯಾಪಾರ ಮುಗಿದಂತೆ. ಅಮೆರಿಕಕ್ಕೆ ಬಂದು ಇಷ್ಟು ವರ್ಷವಾದರೂ, ಅಂಗಡಿಯಲ್ಲಿ ಎರಡು ಡಬ್ಬಿಗಳ ಬೆಲೆ ಒಂದೇ ಎಂದು ಕಂಡರೆ ನನ್ನ ಕೈ ತಾನಾಗಿ ಭಾರದ ಡಬ್ಬಿಗೇ ಹೋಗುತ್ತದೆ. ಶಾಂಪೂ, ಕಡಲೆಬೇಳೆ, ಗೋಡೆಯ ಬಣ್ಣ, ಎಲ್ಲದರಲ್ಲೂ ಈ ಬುದ್ಧಿ ನನ್ನನ್ನು ಕಾಪಾಡಿದೆ. ಕೈಕೊಟ್ಟದ್ದು ಒಮ್ಮೆ ಮಾತ್ರ, ಕೋವಿಯ ತೋಟಾ ಕೊಳ್ಳುವಾಗ.

ಸಾರು ಅನ್ನದ ಮನುಷ್ಯನಿಗೆ ತೋಟಾದ ಗೊಡವೆ ಏಕೆ ಎಂದು ನೀವು ಕೇಳುತ್ತೀರಿ, ನ್ಯಾಯವೇ. ನಮ್ಮ ಮನೆಯಲ್ಲಿ ಆಯುಧಪೂಜೆಯೆಂದರೆ ಈಳಿಗೆಮಣೆ, ಹೊಲಿಗೆ ಯಂತ್ರ ಮತ್ತು ಅಪ್ಪನ ಸ್ಕೂಟರು. ಆದರೆ ನಾನು ಪ್ರೀತಿಸಿ ಮದುವೆಯಾದ ಪೊನ್ನಮ್ಮ ಕೊಡಗಿನವಳು. ಅವಳ ತವರಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಗಳಿಗೇ ಹೂವಿಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹುಡುಗಿಯಾಗಿದ್ದಾಗ ಇವಳೂ ಒಮ್ಮೆ ಹೊಡೆದಳಂತೆ. ಕಾಯಿ ಅಲ್ಲಾಡಲಿಲ್ಲ, ಕೋವಿ ಒದ್ದ ರಭಸಕ್ಕೆ ಇವಳೇ ಅಂಗಾತ ಬಿದ್ದಳು. ಸೇರಿದವರೆಲ್ಲ ನಕ್ಕರು, ಅಣ್ಣಂದಿರು ಎಲ್ಲರಿಗಿಂತ ಜೋರಾಗಿ. ಅವತ್ತಿನಿಂದ ಅವಳು ಕೋವಿ ಮುಟ್ಟಿರಲಿಲ್ಲ.

ಮುಟ್ಟುವಂತೆ ಮಾಡಿದವಳು ಲಿಂಡಾ. ಆನ್ ಆರ್ಬರ್‌ನ ಆಸ್ಪತ್ರೆಯಲ್ಲಿ ಪೊನ್ನಮ್ಮನ ಜೊತೆಯ ನರ್ಸ್. ಊರಾಚೆ ಅವಳದೊಂದು ಫಾರ್ಮ್ ಇದೆ. ಅಲ್ಲಿಯ ಕಾಡಂಚಿಗೆ ವಸಂತದಲ್ಲಿ ಟರ್ಕಿ ಕೋಳಿಗಳು ಬರುತ್ತವೆ. ಅವಳ ಮಾತು ಕೇಳಿ ಪೊನ್ನಮ್ಮ ಬೇಟೆಯ ಸುರಕ್ಷತೆಯ ಕ್ಲಾಸಿಗೆ ಹೋದಳು, ಬೇಟೆಯ ಪರವಾನಗಿ ಯಾರಿಗೆಂದು ಚೀಟಿ ಎತ್ತಿ ಆರಿಸುವ ಲಾಟರಿಗೆ ಅಪ್ಲೈ ಮಾಡಿದಳು, ಪರವಾನಗಿಯೂ ಬಂತು. ತೊಡಕೊಂದೇ, ಅವಳ ಬಲ ಭುಜ. ಹಿಂದಿನ ವರ್ಷವಿಡೀ ಅದು ಬಿಗಿದುಕೊಂಡಿತ್ತು. ಕೈ ಮೇಲೆತ್ತಲಾಗದೆ ಅವಳು ಒದ್ದಾಡುವಾಗ ಅವಳ ಜಡೆ ಹೆಣೆಯುತ್ತಿದ್ದವನು ನಾನು, ಕೆಟ್ಟದಾಗಿ ಹೆಣೆಯುತ್ತಿದ್ದೆ. ಈಗ ಸರಿಹೋಗಿದ್ದರೂ ಫಿಸಿಯೋಥೆರಪಿಯವಳು ಎಚ್ಚರಿಸಿದ್ದಳು: ಜೋರಾದ ಒಂದು ಏಟು ಬಿದ್ದರೆ ಮತ್ತೆ ಮೊದಲಿನಿಂದ ಶುರು.

ಹಾಗಾಗಿ ಕೋವಿ, ತೋಟಾಗಳ ಆಯ್ಕೆಯನ್ನು ನಾನೇ ವಹಿಸಿಕೊಂಡೆ. ನನ್ನ ಹೊಟ್ಟೆಪಾಡು ಡೆಟ್ರಾಯಿಟ್ಟಿನ ಕಾರುಗಳ ಶಾಕ್ ಅಬ್ಸಾರ್ಬರು. ಹೊಡೆತ ತಗ್ಗಿಸುವುದೇ ಕಸುಬಾದವನಿಗಿಂತ ಯೋಗ್ಯರು ಯಾರು? ಲಿಂಡಾ ಎರಡು ಕೋವಿ ತೋರಿಸಿದಳು. ನೋಯುವ ಭುಜಕ್ಕೆ ಭಾರ ಬೇಡವೆಂದು ಹಗುರವಾದದ್ದನ್ನು ಆರಿಸಿದೆ. ತೋಟಾ ಅಂಗಡಿಯಲ್ಲಿ ಗಿಡ್ಡ ತೋಟಾಗಳ ಪೆಟ್ಟಿಗೆ, ಉದ್ದ ತೋಟಾಗಳ ಪೆಟ್ಟಿಗೆ ಅಕ್ಕಪಕ್ಕದಲ್ಲಿದ್ದವು. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ; ಉದ್ದದ ತೋಟಾದೊಳಗೆ ಸೀಸದ ಕಾಳು ಎಷ್ಟೋ ಹೆಚ್ಚು. ಅಷ್ಟೊಂದು ಕೊಸರನ್ನು ಬಿಟ್ಟು ಬರಲು ನನಗೇನು ಹುಚ್ಚೇ?

ಫಾರ್ಮಿನಲ್ಲಿ ಕಾಗದದ ಗುರಿ ನಿಲ್ಲಿಸಿ, ಗಂಡನಾದವನ ಕರ್ತವ್ಯವೆಂದು ಮೊದಲ ಗುಂಡನ್ನು ನಾನೇ ಹೊಡೆದೆ. ಕಾಗದಕ್ಕೆ ಏನಾಯಿತೋ ನೋಡಲಿಲ್ಲ. ನಾನು ಕೆಸರಿನಲ್ಲಿ ಕುಳಿತಿದ್ದೆ, ಕನ್ನಡಕ ಎಲ್ಲೋ ಬಿದ್ದಿತ್ತು. ಲಿಂಡಾ ನಕ್ಕಳು. ಪೊನ್ನಮ್ಮ ನಗಲಿಲ್ಲ.

"ನಿಮ್ಗೇ ಹೀಗಾದ್ರೆ ನನ್ ಗತಿ ಏನ್ರೀ? ಬೇಡ ಬಿಡಿ. ಮನೆಗೆ ಹೋಗೋಣ," ಎಂದಳು. ದಾರಿಯುದ್ದಕ್ಕೂ ತನ್ನ ಭುಜವನ್ನು ಎಡಗೈಯಿಂದ ಹಿಡಿದುಕೊಂಡೇ ಕೂತಿದ್ದಳು, ಹೊಡೆತ ಅವಳಿಗೇ ಬಿದ್ದಂತೆ. ನನಗೆ ನನ್ನ ನೋವಿಗಿಂತ ಅದನ್ನು ನೋಡಿ ಹೆಚ್ಚು ಸಂಕಟವಾಯಿತು.

ಆಮೇಲೆ ಕೂತು ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಾಗಿದ್ದ ಲೆಕ್ಕ. ಮುಂದೆ ಹೋಗುವ ಸೀಸ ಹೆಚ್ಚಿದಷ್ಟೂ, ವೇಗ ಹೆಚ್ಚಿದಷ್ಟೂ ಕೋವಿ ಹಿಂದಕ್ಕೆ ಒದೆಯುತ್ತದೆ. ಕೋವಿ ಹಗುರವಾದಷ್ಟೂ ಆ ಒದೆತ ಜೋರು; ಭಾರದ ಕೋವಿ ಅರ್ಧ ಪೆಟ್ಟನ್ನು ತಾನೇ ನುಂಗುತ್ತದೆ. ಎರಡೂ ಆಯ್ಕೆಗಳಲ್ಲಿ ನಾನು ಸರಿಯಾಗಿ ತಿರುಗಾಮುರುಗಾ ಮಾಡಿದ್ದೆ. ಇನ್ನೊಂದು ಸ್ವಾರಸ್ಯವೂ ತಿಳಿಯಿತು. ಕೋವಿಗಳನ್ನು ಹನ್ನೆರಡರದು, ಇಪ್ಪತ್ತರದು ಎಂದು ಸಂಖ್ಯೆಯಿಂದ ಕರೆಯುತ್ತಾರೆ; ನಾನು ಆರಿಸಿದ್ದ ಹನ್ನೆರಡರ ನಳಿಗೆ ಇಪ್ಪತ್ತರದಕ್ಕಿಂತ ದಪ್ಪ. ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಉಂಡೆಗಳು ಒಂದು ಪೌಂಡಿಗೆ ಎಷ್ಟು ಬರುತ್ತವೆ ಎನ್ನುವುದೇ ಆ ಸಂಖ್ಯೆ. ಉಂಡೆ ಸಣ್ಣದಾದರೆ ಸಂಖ್ಯೆ ದೊಡ್ಡದು, ಲಾಡು ಕಟ್ಟುವವರಿಗೆಲ್ಲ ಗೊತ್ತಿರುವ ಗಣಿತ. ಲಿಂಡಾಳ ಎರಡನೆಯ ಕೋವಿ ಇಪ್ಪತ್ತರದು, ತೂಕದ್ದು, ಒದೆತವನ್ನು ಸ್ವಲ್ಪ, ಖಾಲಿ ತೋಟಾ ಹೊರಹಾಕುವ ತನ್ನ ಯಂತ್ರಕ್ಕೇ ಬಳಸಿಕೊಳ್ಳುವಂಥದ್ದು. ಅದಕ್ಕೆ ಗಿಡ್ಡ ತೋಟಾ, ಕಡಿಮೆ ಸೀಸ, ಸಾವಧಾನದ ವೇಗ. ಅಭ್ಯಾಸಕ್ಕೆ ಅದಕ್ಕಿಂತಲೂ ಹಗುರದ್ದು.

ಪೊನ್ನಮ್ಮನನ್ನು ಒಪ್ಪಿಸಲು ಒಂದು ವಾರ ಬೇಕಾಯಿತು. "ಒಂದೇ ಒಂದು ಸಲ. ಆಮೇಲೆ ನಾನು ಬಾಯಿ ಬಿಡಲ್ಲ," ಎಂದೆ. ಕಾಲು ಅಗಲಿಸಿ, ಹಲ್ಲು ಕಚ್ಚಿ ಅವಳು ಹೊಡೆದಳು. ನಿಂತೇ ಇದ್ದಳು. ಕೋವಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇಷ್ಟೇನಾ?" ಎಂದಳು. ಮತ್ತೆ ತುಂಬಲು ಕೈಚಾಚಿದಳು.

ಆದರೆ ಕೊಸರು ಬಿಟ್ಟವರು ಬೇರೆಡೆ ಕಷ್ಟಪಡಬೇಕು. ಕಾಗದದ ಕೋಳಿಯ ತಲೆಗೆ ಇಪ್ಪತ್ತೈದು ಗಜದಿಂದ ಹೊಡೆದರೆ ಕಾಳು ದಟ್ಟವಾಗಿ ಬೀಳುತ್ತಿದ್ದವು. ನಲವತ್ತಕ್ಕೆ ಹೋದರೆ ಅಲ್ಲೊಂದು ಇಲ್ಲೊಂದು. ಕೋಳಿ ಗಾಯಗೊಂಡು ಕಾಡಿನಲ್ಲಿ ನರಳುವುದು ಬೇಡವೆಂದರೆ ಅದು ಹತ್ತಿರ ಬರುವವರೆಗೂ ಕಾಯಲೇಬೇಕು. ಕಾಡಂಚಿನಲ್ಲಿ, ನಾವು ಕೂರುವ ಜಾಗದಿಂದ ಇಪ್ಪತ್ತೈದು ಗಜ ದೂರದಲ್ಲಿ ಉರುಳಿಬಿದ್ದಿದ್ದ ಓಕ್ ಮರವೊಂದನ್ನು ಗಡಿಯೆಂದು ಗೊತ್ತುಮಾಡಿಕೊಂಡೆವು.

ಏಪ್ರಿಲ್ ಕೊನೆಯ ಆ ಬೆಳಗ್ಗೆ ಫ್ಯಾರನ್‌ಹೀಟಿನಲ್ಲಿ ನಲವತ್ತು ಡಿಗ್ರಿಯೂ ಇರಲಿಲ್ಲ, ಕೊರೆಯುವ ಚಳಿ. ಈಚೆಯ ಇನ್ನೊಂದು ಮರಕ್ಕೆ ಬೆನ್ನು ಕೊಟ್ಟು ಪೊನ್ನಮ್ಮ, ಪಕ್ಕದಲ್ಲಿ ನಾನು, ಹಿಂದೆ ಮರದ ಪೆಟ್ಟಿಗೆ ಉಜ್ಜಿ ಹೆಣ್ಣುಕೋಳಿಯ ದನಿ ಮಾಡುತ್ತ ಲಿಂಡಾ. ಗಂಡುಕೋಳಿ ಬಂತು. ಬಂದು, ಓಕ್ ಮರದ ಆಚೆಗೇ ನಿಂತು, ಬಾಲ ಬಿಚ್ಚಿ ಮೆರೆಯತೊಡಗಿತು. ಅದು ತಿರುಗಿ ಹೋಗಿಬಿಟ್ಟರೆ ಇವಳ ಇಷ್ಟೆಲ್ಲ ಧೈರ್ಯ ವ್ಯರ್ಥವಾಗುತ್ತದಲ್ಲ ಎಂದು ನನಗೆ ದಿಗಿಲಾಯಿತು. ಆ ಉದ್ದದ ತೋಟಾ ಇದ್ದಿದ್ದರೆ ಎಂದೂ ಅನ್ನಿಸಿತು, ಸುಳ್ಳೇಕೆ ಹೇಳಲಿ. ಪೊನ್ನಮ್ಮ ಕದಲಲಿಲ್ಲ. ಕೋಳಿ ಎರಡು ಸಲ ಹಿಂದೆ ತಿರುಗಿತು. ಆಮೇಲೆ ಏನು ಮನಸ್ಸು ಬಂತೋ, ಮರ ಹತ್ತಿ ಈಚೆಗೆ ಇಳಿಯಿತು.

ಸದ್ದಾಯಿತು. ಲಿಂಡಾ ಕೂಗುತ್ತ ಮುಂದಕ್ಕೆ ಓಡಿದಳು.

"ಕಣ್ಯಾಕ್ರೀ ಮುಚ್ಕೊಂಡಿದೀರಾ? ತೆಗೀರಿ, ಬಿತ್ತು!" ಎಂದು ಪೊನ್ನಮ್ಮ ನನ್ನನ್ನು ಅಲುಗಿಸುತ್ತಿದ್ದಳು.

"ಭುಜ?" ಎಂದೆ.

"ಯಾವ ಭುಜ?"

ನಿಜವಾಗಿಯೂ ಹಾಗೆ ಕೇಳಿದಳು. ಒಂದು ವರ್ಷದಿಂದ ಅದರ ಮಾತಿಲ್ಲದೆ ನಮ್ಮ ಮನೆಯಲ್ಲಿ ಒಂದು ಊಟವೂ ಮುಗಿದಿರಲಿಲ್ಲ; ಈಗ ಅದರ ಒಡತಿಗೇ ಅದು ಮರೆತುಹೋಗಿತ್ತು. ಆಮೇಲೆ ನೆನಪಾಗಿ, "ಒದ್ದಿದ್ದೇ ಗೊತ್ತಾಗ್ಲಿಲ್ಲ ಕಣ್ರೀ," ಎಂದಳು. ತೋಟಾದ ಬಗ್ಗೆ, ಅದನ್ನು ಹುಡುಕಿದವನ ಬಗ್ಗೆ ಒಂದು ಮಾತೂ ಇಲ್ಲ. ಸ್ವಲ್ಪ ಬೇಸರವಾಯಿತು; ಮರುಗಳಿಗೆಯೇ, ಇದಕ್ಕಿಂತ ದೊಡ್ಡ ಹೊಗಳಿಕೆ ಇನ್ನೇನಿದ್ದೀತು ಎಂದೂ ಅನ್ನಿಸಿತು. ಅವಳು ಕೋಳಿ ಎತ್ತಿಕೊಳ್ಳಲು ಬಗ್ಗಿದಳು. ಬಹಳ ಭಾರವಿತ್ತು ಅದು. ಬೇಡವೆಂದು ತಡೆದು, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಾನೇ ಅದನ್ನು ಹೆಗಲ ಮೇಲೆ ಹಾಕಿಕೊಂಡು ಕಾರಿನ ಕಡೆಗೆ ನಡೆದೆ.