ತಲೆ ಚಿಟ್ಟು ಹಿಡಿಸುವ ಸದ್ದು

ಕಂಚಿನ ತಟ್ಟೆಯಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೂ ನಮ್ಮವರು ಬೆರಳಿನಿಂದ ಒಮ್ಮೆ ಬಡಿದು ಕಂಡುಹಿಡಿಯುತ್ತಾರೆ ಎಂದು ನಮ್ಮ ಪಾತ್ರೆ ಅಂಗಡಿಗೆ ಬರುವವರೆಲ್ಲ ಹೇಳುತ್ತಿದ್ದರು. ಅಂಥ ಕಿವಿ. ಆ ಕಿವಿಯನ್ನು ವಾರವೆಲ್ಲ ಅಂಗಡಿಗೆ ಕೊಟ್ಟು, ಭಾನುವಾರವನ್ನು ಮಾದರಿ ವಿಮಾನದ ಇಂಜಿನ್ನುಗಳಿಗೆ ಮೀಸಲಿಟ್ಟಿದ್ದರು. ಹೆಂಡತಿಯ ಮಾತಿಗೆ ಉಳಿದ ಪಾಲು ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಇಂಜಿನ್ ನೋಡಿದರೆ ನಿಂಬೆಹಣ್ಣಿನಷ್ಟು, ಗದ್ದಲ ಮಾತ್ರ ಇಡೀ ಲಕ್ಷ್ಮೀಪುರಂಗೆ ಸಾಕಾಗುವಷ್ಟು. ನಮ್ಮ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿಗೆ ಒಂದು ಹಲಗೆ ಬಿಗಿದು, ಅದರ ಮೇಲೆ ಇಂಜಿನ್ ಕೂರಿಸಿ, ನಾನು ಕೂದಲು ಒಣಗಿಸಿಕೊಳ್ಳುವ ಡ್ರೈಯರ್ ತಂದು ಅದಕ್ಕೆ ಬಿಸಿಗಾಳಿ ಹಿಡಿಯುತ್ತಿದ್ದರು. ತಣ್ಣಗಿರುವಾಗ ತಿರುಗಿಸಿದರೆ ಪಿಸ್ಟನ್ ಸವೆಯುತ್ತದಂತೆ. ತಲೆಗೆ ನೀರು ಹಾಕಿಕೊಂಡ ನಾನು ಟವೆಲ್ ಸುತ್ತಿಕೊಂಡು ಕಾಯಬೇಕು, ಇಂಜಿನ್ನಿಗೆ ನೆಗಡಿಯಾಗಬಾರದು! ಇಂಧನಕ್ಕೆ ಹರಳೆಣ್ಣೆ ಬೇರೆ ಬೆರೆಸುತ್ತಿದ್ದರು. ಒಣಗಲು ಹಾಕಿದ ಸೀರೆಗಳಿಗೆಲ್ಲ ಸುಟ್ಟ ಹರಳೆಣ್ಣೆಯ ವಾಸನೆ. ಇಂಜಿನ್ ಶುರುವಾದ ಕೂಡಲೇ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು, ನಾನು ಅಡುಗೆಮನೆಯಿಂದ ಕೂಗುತ್ತಿದ್ದೆ.

"ತಲೆ ಚಿಟ್ಟು ಹಿಡೀತು ಕಣ್ರೀ, ನಿಲ್ಸಿ!"

"ಒಂದ್ನಿಮ್ಷ ಇರೇ."

ಅವರ ಒಂದು ನಿಮಿಷದಲ್ಲಿ ನನ್ನ ಸಾರು ಕುದಿದು ಒಗ್ಗರಣೆಯೂ ಆಗಿಬಿಡುತ್ತಿತ್ತು.

ಇಂಜಿನ್ನಿಗೆ ಎಷ್ಟು ಇಂಧನ ಹೋಗಬೇಕೆಂದು ತೀರ್ಮಾನಿಸುವುದು ಒಂದು ಸಣ್ಣ ಸೂಜಿ. ಅದನ್ನು ಹೊರಕ್ಕೆ ತಿರುಗಿಸಿದರೆ ಇಂಧನ ಹೆಚ್ಚಾಗಿ, ಇಂಜಿನ್ ಕಫ ಕಟ್ಟಿದವರಂತೆ ಗೊರಗುಟ್ಟುತ್ತದೆ. ಒಳಕ್ಕೆ ತಿರುಗಿಸುತ್ತ ಹೋದರೆ ಸದ್ದು ಏರಿ ಏರಿ, ಒಂದು ಹಂತದಲ್ಲಿ ಗೊರಗೊರವೆಲ್ಲ ಹೋಗಿ ಶುದ್ಧವಾಗಿ ಕಿರುಚುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ಹಿಂದಕ್ಕೆ ಬಂದು ನಿಲ್ಲಿಸಬೇಕು. ಇನ್ನೂ ವೇಗ ಬೇಕೆಂದು ದುರಾಸೆಪಟ್ಟರೆ ಇಂಧನದ ಜೊತೆಗೆ ಎಣ್ಣೆಯೂ ಕಡಿಮೆಯಾಗಿ, ಇಂಜಿನ್ ಕಾದು, ಆಕಾಶದಲ್ಲಿ ಕೈಕೊಡುತ್ತದೆ. ಇದೆಲ್ಲ ನಾನು ಆಸೆಪಟ್ಟು ಕಲಿತ ವಿದ್ಯೆಯಲ್ಲ. ಬೇಡವೆಂದರೂ ಭಾನುವಾರ ಭಾನುವಾರ ಕಿವಿಗೆ ಬಿದ್ದದ್ದು. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ಅಳೆಯುವ ಮೀಟರ್ ಗೆಳೆಯರೆಲ್ಲರ ಹತ್ತಿರ ಇತ್ತು. ನಮ್ಮವರು ಮಾತ್ರ, "ಮೀಟ್ರು ಹಿಡ್ಕೊಂಡು ಇಂಜಿನ್ ಓಡ್ಸೋದೂ ಒಂದೇ, ಥರ್ಮಾಮೀಟ್ರು ಹಿಡ್ಕೊಂಡು ಹೆಂಡ್ತೀನ ಮಾತಾಡ್ಸೋದೂ ಒಂದೇ" ಎನ್ನುತ್ತಿದ್ದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ.

ಹೋದ ಬೇಸಿಗೆಯಲ್ಲಿ ಒಂದು ದಿನ, ಕುಕ್ಕರ್ ಮೂರು ಸಲ ಕೂಗಿದ ಮೇಲೆ ಆರಿಸಿ ಎಂದು ಹೇಳಿ ತರಕಾರಿಗೆ ಹೋಗಿದ್ದೆ. ಬಂದು ನೋಡಿದರೆ ಬೇಳೆ ಸೀದು ಮನೆಯೆಲ್ಲ ಹೊಗೆ. ಇವರು ನಡುಮನೆಯಲ್ಲಿ ಪೇಪರ್ ಹಿಡಿದು ಕೂತಿದ್ದರು. "ಕೂಗ್ಲೇ ಇಲ್ವಲ್ಲೇ" ಎಂದರು. ನಾನು ಚೆನ್ನಾಗಿ ಬೈದೆ. ಮುಂದಿನ ಭಾನುವಾರ ಇಲವಾಲದ ಹತ್ತಿರದ ಬಯಲಿನಲ್ಲಿ ಇವರ ವಿಮಾನ ಮೇಲೆದ್ದ ಸ್ವಲ್ಪ ಹೊತ್ತಿಗೇ ಸದ್ದಡಗಿ ಹೊಲಕ್ಕೆ ಬಿತ್ತು. ಅದರ ಮುಂದಿನ ವಾರ ಇನ್ನೊಂದು ವಿಮಾನದ ಕಥೆಯೂ ಅದೇ. ಬಿಚ್ಚಿ ನೋಡಿದಾಗ ಎರಡೂ ಇಂಜಿನ್ನುಗಳ ಪಿಸ್ಟನ್‌ಗಳು ಗೀರುಬಿದ್ದು ಹಾಳಾಗಿದ್ದವು. ಸೂಜಿಯನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುವ ಆ ಕೀರಲು ಸದ್ದು ಇವರಿಗೆ ಕೇಳಿಸುತ್ತಲೇ ಇರಲಿಲ್ಲ.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಕುಕ್ಕರ್ ಕೂಗಿನಂಥ ಕೀರಲು ಸದ್ದುಗಳು ಇವರ ಕಿವಿಯಿಂದ ಹೋಗಿವೆ, ಇನ್ನು ಅವು ವಾಪಸ್ ಬರುವುದಿಲ್ಲ ಎಂದರು. ಕಿವಿಗೆ ಹಾಕುವ ಮಿಷನ್ ಕೊಟ್ಟರು. ಮಾತಿಗೆ ಅದು ಆಗುತ್ತಿತ್ತು, ಇಂಜಿನ್ ಮುಂದೆ ಬರೀ ಗದ್ದಲ. ನಜರ್‌ಬಾದ್‌ನ ಗೆಳೆಯರೊಬ್ಬರು ತಮ್ಮ ಮೀಟರ್ ತಂದುಕೊಟ್ಟರು. ಇವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟು, "ಸಾಕು ಬುಡಪ್ಪ. ಬರೋ ಭಾನ್ವಾರ ಬಂದು ಎಲ್ಲಾ ಇಂಜಿನ್ನೂ ನೀನೇ ತಗೊಂಡೋಗು" ಎಂದುಬಿಟ್ಟರು.

ನಿಜ ಹೇಳಬೇಕೆಂದರೆ ನಾನು ಅವತ್ತು ಪಾಯಸ ಮಾಡಬೇಕಿತ್ತು. ಇಂಜಿನ್ನುಗಳೆಂಬ ನನ್ನ ಸವತಿಯರೆಲ್ಲ ತಾವಾಗಿಯೇ ಮನೆ ಬಿಟ್ಟು ಹೊರಟಿದ್ದರು. ಆದರೆ ಆ ಸಂಜೆ ಇವರು ಊಟದ ಕಂಚಿನ ತಟ್ಟೆಯನ್ನು ಬೆರಳಿನಿಂದ ಬಡಿದು ಕಿವಿಯ ಹತ್ತಿರ ಹಿಡಿದರು. ಮತ್ತೆ ಬಡಿದರು. ಆಮೇಲೆ ಮೆಲ್ಲಗೆ ಕೆಳಗಿಟ್ಟರು. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ.

ಭಾನುವಾರ ಆ ಗೆಳೆಯರು ಚೀಲ ಹಿಡಿದು ಬಂದರು. ಕೊಡುವ ಮೊದಲು ಓಡಿಸಿ ತೋರಿಸುತ್ತೇನೆಂದು ಇವರು ಕೊನೆಯ ಸಲ ಒಂದು ಇಂಜಿನ್ನನ್ನು ಹಲಗೆಗೆ ಬಿಗಿದರು. ನಾನು ಒಳಗೆ ಚಪಾತಿ ಹಿಟ್ಟು ನಾದುತ್ತಿದ್ದೆ. ಗೊರಗೊರ ಮುಗಿಯಿತು, ಸದ್ದು ಏರಿತು, ಸರಿಯಾದ ಜಾಗಕ್ಕೆ ಬಂತು. ಅಲ್ಲಿ ನಿಲ್ಲದೆ ಇನ್ನೂ ಮುಂದೆ ಹೋಯಿತು. ನೀರು ಆರಿದ ಕುಕ್ಕರಿನ ಸದ್ದು ಹೇಗೆ ತೆಳ್ಳಗೆ, ಒಣಗಿಕೊಂಡಂತೆ ಬರುತ್ತದೋ ಹಾಗೆ. ಹಿಟ್ಟಿನ ಕೈಯಲ್ಲೇ ಹಿತ್ತಿಲಿಗೆ ಓಡಿದೆ.

"ಸಾಕ್ರೀ! ಹಿಂದಕ್ಕೆ ತಿರುಗ್ಸಿ!"

ಕೇಳಿಸಿದರಲ್ಲವೇ? ಭುಜ ಹಿಡಿದು ಅಲ್ಲಾಡಿಸಿ, ಕೈಸನ್ನೆ ಮಾಡಿದೆ. ಇವರು ಸೂಜಿಯನ್ನು ಚೂರು ಹಿಂದಕ್ಕೆ ತಂದರು. ಇನ್ನೂ ಚೂರು ಎಂದೆ. ಸದ್ದು ತುಂಬಿಕೊಂಡಿತು. ಅಂಗೈ ಎತ್ತಿ ನಿಲ್ಲಿಸಿದೆ. ಗೆಳೆಯರು ಪರೀಕ್ಷೆಗೆಂದು ಇಂಧನದ ಟ್ಯೂಬನ್ನು ಒಂದು ಕ್ಷಣ ಹಿಸುಕಿ ಬಿಟ್ಟರು. ಸದ್ದು ಒಂದಿಷ್ಟು ಏರಿ ಮತ್ತೆ ಮೊದಲಿನ ಜಾಗಕ್ಕೇ ಬಂದು ಕೂತಿತು. ಸೂಜಿ ಸರಿಯಾಗಿದ್ದರೆ ಮಾತ್ರ ಹಾಗಾಗುವುದು.

ಇಂಜಿನ್ ನಿಂತ ಮೇಲೆ ಇವರು ನನ್ನನ್ನೇ ನೋಡಿದರು. "ನಿಂಗೆ ಎಂಗೆ ಗೊತ್ತಾಯ್ತೇ?"

"ಮದುವೆಯಾದಾಗಿಂದ ನನ್ನ ತಲೆ ತಿಂದಿರೋ ಸದ್ದು, ಗೊತ್ತಾಗ್ದೆ ಏನ್ರೀ?"

ಗೆಳೆಯರು ನಗುತ್ತ ಕಾಫಿ ಕುಡಿದು, ಖಾಲಿ ಚೀಲ ಮಡಚಿಕೊಂಡು ಹೋದರು.

ಮುಂದಿನ ಭಾನುವಾರ ಇಲವಾಲದ ಬಯಲಿಗೆ ನಾನೂ ಹೋದೆ. ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಜಗಳಕ್ಕೆ ಬಂದಿದ್ದೇನೆ ಅಂದುಕೊಂಡಿರಬೇಕು. ಗೆಳೆಯರು ವಿಮಾನದ ಮೂತಿಯನ್ನು ಆಕಾಶಕ್ಕೆ ಎತ್ತಿ ಹಿಡಿದರು. ನಮ್ಮವರು ಸೂಜಿ ಹಿಡಿದರು. ನಾನು ಹಿಂದೆ ನಿಂತು ಅವರ ಭುಜದ ಮೇಲೆ ಕೈಯಿಟ್ಟೆ. ಒತ್ತಿದರೆ ಹಿಂದಕ್ಕೆ, ಕೈ ತೆಗೆದರೆ ಸರಿಯಾಗಿದೆ ಎಂದು ಮನೆಯಲ್ಲೇ ಮಾತಾಡಿಕೊಂಡಿದ್ದೆವು. ಒತ್ತಿದೆ. ಇನ್ನೊಮ್ಮೆ ಒತ್ತಿದೆ. ಕೈ ತೆಗೆದೆ.

ವಿಮಾನ ಏರಿತು, ಮಗುಚಿತು, ನೆಟ್ಟಗೆ ಮೇಲಕ್ಕೆ ನುಗ್ಗಿತು, ಎಲ್ಲೂ ಸೋಲಲಿಲ್ಲ. ಇಂಧನ ಮುಗಿದು ಇಳಿದ ಮೇಲೆ ಇವರು ಅದರ ಎಣ್ಣೆ ಒರೆಸುತ್ತ, ಯಾರಿಗೂ ಕೇಳದ ಹಾಗೆ ನನ್ನನ್ನು ಕೇಳಿದರು.

"ಎಂಗಿತ್ತೇ?"

ಹಾರಾಟವನ್ನು ಅವರೇ ಕಣ್ಣಾರೆ ನೋಡಿದ್ದರು. ಅವರು ಕೇಳಿದ್ದು ಸದ್ದನ್ನು. ಚೆನ್ನಾಗಿತ್ತು ಎಂದರೆ ಸಮಾಧಾನಕ್ಕೆ ಹೇಳಿದಳು ಎಂದುಕೊಳ್ಳುತ್ತಾರೆ.

"ತಲೆ ಚಿಟ್ಟು ಹಿಡೀತು ಕಣ್ರೀ," ಎಂದೆ.

"ನಿಜವಾಗ್ಲೂ?"

"ದೇವ್ರಾಣೆಗೂ."

"ಅಂಗಾದ್ರೆ ಸರಿಯಾಗೈತೆ ಬುಡು," ಎಂದು ನಕ್ಕರು. ಹೋದ ಬೇಸಿಗೆಯಿಂದ ಈಚೆಗೆ ನಾನು ಆ ನಗು ಕಂಡಿರಲಿಲ್ಲ.