ಕಾಕಾನ ಕೆಂಪು ಕಣ್ಣು

ನಿಮ್ಮ ಓಣಿಯಲ್ಲಿ ಕಣ್ಣಿನ ಡ್ರಾಪ್ಸ್ ಕೈಗಡ ಕೊಡುತ್ತಾರೆಯೆ? ನಮ್ಮ ನವಲಗುಂದದಲ್ಲಿ ಕೊಡುತ್ತಾರೆ. ಹೆಪ್ಪಿಗೆ ಮಜ್ಜಿಗೆ ಕೊಟ್ಟಷ್ಟೇ ಧಾರಾಳವಾಗಿ.

ನಮ್ಮ ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಸಕ್ಕರೆ ಕಾಯಿಲೆ. (ಮಾತ್ರೆ ತಪ್ಪಿಸುವುದಿಲ್ಲ, ಬೆಲ್ಲದ ಗೋಧಿ ಹುಗ್ಗಿಯನ್ನೂ ತಪ್ಪಿಸುವುದಿಲ್ಲ.) ಶ್ರಾವಣದ ಕೊನೆಗೆ ಅವನ ಬಲಗಣ್ಣು ಕೆಂಪಾಯಿತು. ಕಣ್ಣು ಬೇನೆ ಎಂದು ಮನೆಯವರೇ ತೀರ್ಮಾನಿಸಿದರು. ಬಾಜು ಮನೆಯಲ್ಲಿ ಯಾರಿಗೋ ತಂದ ಡ್ರಾಪ್ಸ್ ಅರ್ಧ ಬಾಟಲಿ ಉಳಿದಿತ್ತು. ಹಾಕಿದರು. ಕೆಂಪು ಇಳಿಯಿತು. ಎಲ್ಲರಿಗೂ ಸಮಾಧಾನ.

ಆಮೇಲೆ ಆ ಕಣ್ಣಿಗೆ ಮಂಜು ಕವಿಯಿತು. ಎಡಗಣ್ಣು ಎಳವೆಯಲ್ಲೇ ಹೋಗಿತ್ತು, ಚಿಣ್ಣಿದಾಂಡು ಆಡುವಾಗ ಚಿಣ್ಣಿ ಬಡಿದು. ಇದೂ ಹೋದರೆ? ಊರಿಗೆ ಬಂದಿದ್ದ ನನಗೆ ಹೆದರಿಕೆಯಾಯಿತು. ಕಾಕಾ, ಕಾಕಿ ಇಬ್ಬರನ್ನೂ ಕರೆದುಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದೆ, ಕಣ್ಣಿನ ಆಸ್ಪತ್ರೆಗೆ.

ಕಣ್ಣಿನ ಒಳಗೇ ಕೀವು, ಎಂದರು ಡಾಕ್ಟರು. ಈ ಕಣ್ಣಿಗೆ ಪೆಟ್ಟು ಬಿದ್ದಿತ್ತೆ? ಆಪರೇಷನ್? ಎರಡೂ ಇಲ್ಲ. ಹಾಗಾದರೆ ಸೋಂಕು ಮೈಯೊಳಗಿಂದ, ರಕ್ತದ ಜೊತೆ ಬಂದಿರಬೇಕು. ಸಕ್ಕರೆ ಕಾಯಿಲೆಯವರಲ್ಲಿ ಹೀಗಾಗುವುದುಂಟು. ಎಲ್ಲಾದರೂ ಗಾಯವಿದೆಯೆ?

"ಏನೂ ಇಲ್ರಿ ಸಾಹೇಬ್ರ. ಅಗದಿ ಗಟ್ಟಿ ಅದೀನಿ," ಎಂದ ಕಾಕಾ.

ಕಾಲು ಮೇಲಿಡಿ ಎಂದರು. ಡಾಕ್ಟರ ಮುಖದೆದುರು ಕಾಲು ಚಾಚುವುದೆ? ಒಲ್ಲೆ ಎಂದ. ನಾನೇ ಎತ್ತಿ ಹಿಡಿದೆ. ಅಂಗಾಲಲ್ಲಿ ಮುರಿದ ಜಾಲಿಮುಳ್ಳು, ಸುತ್ತ ಕೀವು. ಶ್ರಾವಣ ಪೂರ್ತಿ ಚಪ್ಪಲಿ ಮೆಟ್ಟುವುದಿಲ್ಲ ಎಂಬುದು ಅವನ ವ್ರತ, ಹೊಲಕ್ಕೂ ಬರಿಗಾಲೇ. ಕಾಯಿಲೆಯಿಂದ ಪಾದ ಜೋಮು ಹಿಡಿದು, ಚುಚ್ಚಿದ್ದೇ ಗೊತ್ತಾಗಿರಲಿಲ್ಲ.

ರಕ್ತ ತೆಗೆದರು. ಕಾಲಿನ ಕೀವು ತೆಗೆದರು. ಯಾವ ರೋಗಾಣು ಎಂದು ತಿಳಿಯಲು ಕಣ್ಣಿನಿಂದಲೂ ಒಂದು ಹನಿ ಬೇಕು ಎಂದಾಗ ಕಾಕಿ ಅಡ್ಡ ನಿಂತಳು.

"ಇರೂದು ಒಂದ ಕಣ್ಣರಿ. ಅದಕ್ಕೂ ಸೂಜಿ ಚುಚ್ಚತೀರೇನ್ರಿ?"

"ಯಾವ ರೋಗ ಅಂತ ತಿಳೀದ ಔಷಧ ಹಾಕಿದ್ದು ಇಷ್ಟಕ್ಕ ಸಾಕ್ರೀ, ಅಮ್ಮಾರ," ಎಂದರು ಡಾಕ್ಟರು.

ಕಾಕಿ ಅಳುತ್ತ ಸರಿದು ನಿಂತಳು.

ಕಾಲಿನಲ್ಲಿದ್ದ ರೋಗಾಣುವೇ ಕಣ್ಣಿನಲ್ಲೂ ಸಿಕ್ಕಿತು. (ಕೈಗಡದ ಡ್ರಾಪ್ಸ್ ಕೆಂಪನ್ನಷ್ಟೇ ಮರೆಮಾಡಿತ್ತು, ಒಳಗೆ ರೋಗ ಬೆಳೆಯುತ್ತಲೇ ಇತ್ತು.) ಅದಕ್ಕೆ ತಕ್ಕ ಇಂಜೆಕ್ಷನ್ ಕೊಟ್ಟರು. ಅರ್ಧ ದೃಷ್ಟಿ ಉಳಿಯಿತು. ಕಾಕಾ ಈಗ ಮುಖ ಗುರುತಿಸುತ್ತಾನೆ, ಪೇಪರ್ ಓದಲಾರ.

ನಮ್ಮದು ತುಂಬಿದ ಮನೆ. ಬೆಳಿಗ್ಗೆ ಪೂಜೆ ಮುಗಿದೊಡನೆ ಮಕ್ಕಳು, ಸೊಸೆಯಂದಿರು, ಊರಿಗೆ ಹೋದಾಗ ನಾನೂ, ಸಾಲಾಗಿ ಬಾಗಿ ಕಾಕಾನ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ.

ಆ ಪಾದವನ್ನು ನೋಡಿದವರು ಯಾರು?