ಮೂರನೇ ನಕ್ಷತ್ರ

ಹಳೇ ಫೋಟೋದಲ್ಲಿರೋ ಮಿಲಿಟರಿ ಡ್ರೆಸ್ಸು ಯಾವ ಪಡೆಯದು, ಯಾವ ಕಾಲದ್ದು ಅಂತ ಪತ್ತೆ ಹಚ್ಚೋದು ನನ್ನ ಕೆಲಸ. ಕಣಕಟ್ಟೆಯ ಗೆಳೆಯನೊಬ್ಬ ತನ್ನ ಸೋದರತ್ತೆ ಗೌರಮ್ಮನ ಗಂಡನ ಫೋಟೋ ಕಳಿಸಿ ನನ್ನ ತಲೆ ಕೆಡಿಸಿಬಿಟ್ಟ. ಟೋಪಿ ನೌಕಾಪಡೆಯದು, ಬೆಲ್ಟು ಪೊಲೀಸರದು, ಸೇರಿದ್ದು ಸಿಪಾಯಿಯಾಗಿಯಂತೆ, ಹೆಗಲ ಮೇಲೆ ಮಾತ್ರ ಕ್ಯಾಪ್ಟನ್ನನ ಮೂರು ನಕ್ಷತ್ರ! ತಡೆಯಲಾರದೆ ಊರಿಗೇ ಹೋಗಿ ಕೇಳಿದೆ.

ಕೊಬ್ಬರಿ ಹರವುತ್ತಿದ್ದ ಗೌರಮ್ಮ ನಕ್ಕರು. "ಮದ್ವೆಯಾಗಿ ಮಿಲಿಟ್ರಿಗೆ ಹೋದೋರು ವಾಪಸ್ ಬರ್ಲೇ ಇಲ್ಲ ಕಣಪ್ಪ. ಇದ್ದಿದ್ದು ಮದ್ವೆ ಫೋಟೋ ಒಂದೇ. ಅರಸೀಕೆರೆ ಸ್ಟುಡಿಯೋದಲ್ಲಿ ಅದ್ರ ಮೇಲೇ ಡ್ರೆಸ್ಸು ಬರೆಸ್ದೆ."

"ಡ್ರೆಸ್ಸು ಹೆಂಗಿತ್ತು ಅಂತ ನಿಮಗೆ ಗೊತ್ತಿತ್ತಾ?"

"ನಾನೆಲ್ಲಿ ನೋಡಿದ್ದೆ? ಬರೆಯೋನೂ ನೋಡಿರ್ಲಿಲ್ಲ. ನಕ್ಷತ್ರ ಎರಡೇ ಹಾಕಿದ್ದ. ಸಾಲ್ದು ಅಂತ ನಾನೇ ಇನ್ನೊಂದು ಹಾಕಿಸ್ದೆ."

ಸಿಪಾಯಿಗೆ ಇಷ್ಟು ಬೇಗ ಬಡ್ತಿ ಕೊಟ್ಟ ಪಡೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.